ಕರಿ ಎರಡನೇ ಮನೆ

ಮನೆಯಲ್ಲಿ ನಾನು ಗೆದ್ದ ವಾದಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ಮಾತ್ರ ಸೋತಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಅದು ಅಪ್ಪನ ವಿರುದ್ಧ ಗೆದ್ದದ್ದು. ವಿಷಯ, ಅಪ್ಪನ ಗಂಟಲು. ಸಾಕ್ಷಿ, ನಮ್ಮ ನಡುಮನೆಯಲ್ಲಿದ್ದ ಡಿಜಿಟಲ್ ಪಿಯಾನೊ. ವಾದಿಸಿದವಳು ನಾನು, ಸಾಕ್ಷಿ ವಿಚಾರಣೆ ಮಾಡಿದವಳು ನಾನು, ತೀರ್ಪು ಕೊಟ್ಟವಳೂ ನಾನೇ. ಆಗ ನನಗೆ ಒಂಬತ್ತನೇ ಕ್ಲಾಸು. ಒಬ್ಬಳೇ ಮೂರೂ ಕುರ್ಚಿಯಲ್ಲಿ ಕೂತರೆ ಏನಾಗುತ್ತದೆ ಅನ್ನುವುದು ಆ ವಯಸ್ಸಿಗೆ ಗೊತ್ತಾಗುವುದಿಲ್ಲ, ಕುರ್ಚಿ ಸಿಕ್ಕಿದ್ದೇ ಖುಷಿ.

ಬಬ್ಬೂರಿನ ಕೃಷಿ ಸಂಶೋಧನೆಯ ಫಾರಮ್ಮಿನ ಕ್ವಾರ್ಟರ್ಸಿನಲ್ಲಿ ಕೊನೆಯ ಸಾಲಿನ ಕೊನೆಯ ಮನೆ ನಮ್ಮದು. ಮುಂದೊಂದು ಕೋಣೆ, ನಡುಮನೆ, ಅಡುಗೆಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ನೀರೊಲೆ, ಮುಳ್ಳುತಂತಿ, ತಂತಿಯಾಚೆ ಶೇಂಗಾ ತಾಕುಗಳು. ಶೇಂಗಾ ಕಿತ್ತು ಒಣಹಾಕುವ ದಿನಗಳಲ್ಲಿ ಹಸಿಮಣ್ಣಿನ ವಾಸನೆ ಮನೆಯೊಳಗೇ ಬಂದು ಕೂರುತ್ತಿತ್ತು. ಅಮ್ಮ ಎಷ್ಟು ಒರೆಸಿದರೂ ಮುದ್ದೆಯ ತಟ್ಟೆಯಲ್ಲಿ ಒಂದು ಎಳೆ ಮಣ್ಣಿನ ಘಮ ಉಳಿಯುತ್ತಿತ್ತು. ಅಪ್ಪನದು ಫಾರಮ್ಮಿನಲ್ಲಿ ತಾಕು, ಅಂದರೆ ಒಂದೊಂದು ತಳಿ ಬೆಳೆಸಿ ನೋಡುವ ಹೊಲದ ತುಂಡು, ನೋಡಿಕೊಳ್ಳುವ ಕೆಲಸ. ತಾಕಿಗೊಂದು ಗೂಟ, ಗೂಟಕ್ಕೊಂದು ಚೀಟಿ, ಚೀಟಿಯ ಮೇಲೆ ತಳಿಯ ನಂಬರು. ಆ ಚೀಟಿ ಬರೆದು ಕಟ್ಟುವವನು ಅಪ್ಪ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ಲು, ಒಂದು ಸುತ್ತು ದಾರ. ಶಾಯಿ ಮಳೆಗೆ ಅಳಿಸುತ್ತದೆ, ಪೆನ್ಸಿಲ್ಲು ಅಳಿಸುವುದಿಲ್ಲ ಅನ್ನುವುದು ನಾನು ಅಪ್ಪನಿಂದ ಕಲಿತ ಮೊದಲ ವಿಜ್ಞಾನ. ಒಮ್ಮೆ ಯಾರೋ ಚೀಟಿ ಅದಲುಬದಲು ಕಟ್ಟಿದ್ದಾಗ, ದೊಡ್ಡ ಸಾಹೇಬರ ಎದುರಿಗೇ ಅಪ್ಪ ಎಲೆ ತಿರುಗಿಸಿ ನೋಡಿ, ಚೀಟಿ ಏನೇ ಹೇಳಲಿ ಸಾರ್ ಗಿಡ ಇದಲ್ಲ ಅಂದಿದ್ದನಂತೆ. ಈ ಕತೆಯನ್ನು ಅಮ್ಮ ಹತ್ತಾರು ಸಲ ಹೇಳಿದ್ದಳು. ನಾನು ಹತ್ತಾರು ಸಲವೂ ಅದನ್ನು ಕತೆ ಅಂತಲೇ ಕೇಳಿದ್ದೆ.

ಅಪ್ಪ ಹಾಡುತ್ತಿದ್ದ. ಹೊಳಲ್ಕೆರೆ ಕಡೆಯ ತಾಳ್ಯ ಅವನ ಊರು. ಅಲ್ಲಿಯ ನಾಟಕದ ತಂಡದಲ್ಲಿ, ಪರದೆ ಏಳುವ ಮುಂಚಿನ ಮೊದಲ ಹಾಡು, ನಾಂದಿ, ಮದುವೆಗೂ ಮುಂಚಿನಿಂದ ಅವನದೇ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು ರುದ್ರಪ್ಪ ಮೇಷ್ಟ್ರು. ಪೇಟಿಯ ಕೀಲಿಗಳಿಗೆ ಅವರ ಬಾಯಲ್ಲಿ ‘ಮನೆ’ ಅಂತ ಹೆಸರು. ಬಿಳಿ ಮನೆ, ಕರಿ ಮನೆ. ಒಬ್ಬೊಬ್ಬ ಹಾಡುಗಾರನ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’, ಒಂದೊಂದು ಮನೆಯಲ್ಲಿ ವಾಸ. ಮೇಷ್ಟ್ರಿಗೆ ಜನರ ಅಡ್ಡಹೆಸರು ನೆನಪಿರುತ್ತಿರಲಿಲ್ಲವಂತೆ, ಮನೆ ಮರೆಯುತ್ತಿರಲಿಲ್ಲವಂತೆ: ಬಿಳಿ ನಾಕರ ಸಣ್ಣಪ್ಪ, ಕರಿ ಒಂದರ ತಿಪ್ಪೇಶಿ, ಕರಿ ಎರಡರ ನಾಗ. ಈ ನಾಗ ನಮ್ಮಪ್ಪ, ನಾಗರಾಜ. ನೌಕರಿ ಸಿಕ್ಕಿ ಬಬ್ಬೂರಿಗೆ ಬಂದ ಮೇಲೂ ಅಭ್ಯಾಸ ಹೋಗಿರಲಿಲ್ಲ. ಬೆಳಿಗ್ಗೆ ನೀರೊಲೆಗೆ ಶೇಂಗಾ ಸಿಪ್ಪೆ ಸುರಿದು ಉರಿ ಹಚ್ಚಿ, ಎದುರಿಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ ಕೇಳುತ್ತಿದ್ದ:

“ಕರಿ ಎರಡು ಕೊಡ್ರಿ ಮೇಷ್ಟ್ರೇ.”

ಒಳಗಿನಿಂದ ಅಮ್ಮ:

“ಕೊಡ್ತಾರೆ ತಡ್ಕಳ್ರಿ. ಮೇಷ್ಟ್ರು ಹಂಡೇವೊಳಗೆ ಕುಂತು ಸ್ನಾನ ಮಾಡ್ತಾವ್ರೆ.”

ಅಪ್ಪ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಯಾರೂ ಕೊಡದ ಷಡ್ಜವನ್ನು ಇಸಿದುಕೊಂಡು ಹಾಡಲು ಶುರು ಮಾಡುತ್ತಿದ್ದ. ನನ್ನ ಬಾಲ್ಯದ ಬೆಳಗುಗಳಿಗೆಲ್ಲ ಅದೇ ಅಲಾರಂ.

ನಾನು ಹಿರಿಯೂರಿನ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಟೀಚರ್ ಒಬ್ಬರಿದ್ದರು. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ತಿಳಿಯುವುದು. ಅಲ್ಲಿಯ ತನಕ ನಿಮಗೆ ಅಭಿಪ್ರಾಯ ಇರಕೂಡದು ಅನ್ನುತ್ತಿದ್ದರು. ಎದುರಿನವರು ಏನೇ ಹೇಳಲಿ, ಸಾಕ್ಷಿ ಎಲ್ಲಿ ಅಂತ ಕೇಳಿ. ನಾನು ಆ ಪಾಠವನ್ನು ಬಸ್ಸಿನಲ್ಲಿ ಮನೆಗೆ ತಂದೆ. ಗೆದ್ದ ಸ್ಟೀಲ್ ಡಬ್ಬಿಗಳಲ್ಲಿ ಅಮ್ಮ ಮೆಂತ್ಯ, ಸಾಸಿವೆ, ಜೀರಿಗೆ ಹಾಕಿ ಸಾಲಾಗಿ ಇಟ್ಟಿದ್ದಳು. ನನ್ನ ವಿಜಯಗಳ ಮೇಲೆ ಒಗ್ಗರಣೆ ನಡೆಯುತ್ತಿತ್ತು. ಬೆಕ್ಕು ಅಡ್ಡ ಬಂದರೆ ಸಾಕ್ಷಿ ಎಲ್ಲಿ, ಹಾಲುರಾಮೇಶ್ವರದಲ್ಲಿ ಹರಕೆ ಹೊತ್ತದ್ದಕ್ಕೇ ನಾನು ಹುಟ್ಟಿದ್ದು ಅನ್ನುವುದಕ್ಕೆ ಸಾಕ್ಷಿ ಎಲ್ಲಿ. ಈ ಕೊನೆಯದಕ್ಕೆ ಅಮ್ಮ, “ಸಾಕ್ಷಿ ಇಲ್ಲೇ ಕುಂತು ಮೂರ್ನೇ ರೊಟ್ಟಿ ತಿಂತಾ ಐತಲ್ಲೇ” ಅಂದಿದ್ದಳು. ಅಪ್ಪ ಜಗಳಕ್ಕೆ ಬರುತ್ತಿರಲಿಲ್ಲ. ನನಗೆ ಲಾಯರಮ್ಮ ಅಂತ ಹೆಸರಿಟ್ಟು ಪಕ್ಕಕ್ಕೆ ಸರಿದಿದ್ದ.

ಪಿಯಾನೊ ಬಂದದ್ದು ಫಾರಮ್ಮಿನ ಒಬ್ಬ ಸಾಹೇಬರ ಮನೆಯಿಂದ. ಅವರಿಗೆ ವರ್ಗವಾಯಿತು, ಮಗಳು ಅದನ್ನು ಬಿಟ್ಟು ಬಹಳ ದಿನವಾಗಿತ್ತು, ಲಾರಿಯಲ್ಲಿ ಜಾಗವಿರಲಿಲ್ಲ. ಸಾಮಾನು ಕಟ್ಟಲು ಹೋಗಿದ್ದ ಅಪ್ಪನಿಗೆ ಆ ಮನೆಯ ಮೇಡಂ, ನಿಮ್ಮ ಮಗಳು ಚುರುಕಂತಲ್ಲ ನಾಗರಾಜ್, ಅವಳಿಗಿರಲಿ ಅಂದರಂತೆ. ಗೋಣಿಚೀಲಗಳ ಮೇಲೆ ಮಲಗಿ ಟ್ರಾಕ್ಟರಿನಲ್ಲಿ ಅದು ನಮ್ಮ ಮನೆಗೆ ಬಂತು, ಜೊತೆಗೆ ಸ್ಟ್ಯಾಂಡು, ಅಡಾಪ್ಟರು, ಬಳಸುವುದು ಹೇಗೆ ಅಂತ ಹೇಳುವ, ಮೂಲೆ ಮಡಚಿದ ಒಂದು ಪುಸ್ತಕ. ನಡುಮನೆಯಲ್ಲಿದ್ದ ಒಂದೇ ಪ್ಲಗ್ಗು ದೇವರ ಗೂಡಿನ ಕೆಳಗೆ. ಹಾಗಾಗಿ ಪಿಯಾನೊ ದೇವರ ಕೆಳಗೆ ಕೂತಿತು, ಅಮ್ಮನ ಮಿಕ್ಸಿ ಅಡುಗೆಕಟ್ಟೆಯ ಸಡಿಲ ಪ್ಲಗ್ಗಿಗೆ ಗಡೀಪಾರಾಯಿತು. ಅಪ್ಪ ಅದರ ಸುತ್ತ ಎರಡು ಸಲ ಬಂದ. ಬಗ್ಗಿ ಹಿಂದೆ ನೋಡಿದ.

“ಗಾಳಿ ಎಲ್ಲಿಂದ ಹಾಕದು ಇದಕ್ಕೆ?”

“ಗಾಳಿ ಬ್ಯಾಡಪ್ಪ, ಕರೆಂಟು.”

“ಹಂಗಾರೆ ಎಡಗೈಗೆ ಕೆಲ್ಸ ಏನು?”

ಸ್ವಿಚ್ಚು ಹಾಕಿದೆವು. ಕೆಂಪು ದೀಪ ಹತ್ತಿತು, ಸದ್ದು ಬರಲಿಲ್ಲ. ಒತ್ತಿದರೆ ಕೀಲಿ ಟಕ್ ಟಕ್ ಅನ್ನುತ್ತದೆ ಅಷ್ಟೆ. ಸತ್ತ ಸಾಮಾನು ಅದಕ್ಕೇ ಕೊಟ್ಟವ್ರೆ ಅಂತ ಅಮ್ಮ. ನಾನು ಪುಸ್ತಕ ಹಿಡಿದು ಕೂತೆ. ಇಂಗ್ಲಿಷು, ಸಣ್ಣ ಅಕ್ಷರ, ಆದರೆ ಚಿತ್ರಗಳಿದ್ದವು. ಹೆಡ್‌ಫೋನ್ ಸಿಕ್ಕಿಸಿದ್ದರೆ ಸ್ಪೀಕರಿನಲ್ಲಿ ಸದ್ದು ಬರುವುದಿಲ್ಲ ಅಂತಿತ್ತು. ನಮ್ಮಲ್ಲಿ ಹೆಡ್‌ಫೋನೇ ಇಲ್ಲ. ಬಗ್ಗಿ ತಡವಿದರೆ, ಕೆಳಗಿನ ತೂತಿನಲ್ಲಿ ಬೆರಳ ತುದಿಯಷ್ಟು ಬಂಗಾರದ ಬಣ್ಣದ ತುಂಡೊಂದು ಕೂತಿತ್ತು. ಸಾಹೇಬರ ಮಗಳ ಹೆಡ್‌ಫೋನಿನ ಪಿನ್ನಿನ ತುದಿ, ಅಲ್ಲೇ ಉಳಿದದ್ದು. ಕಿತ್ತೆ. ಕೀಲಿಯ ಮೇಲೆ ಬಿದ್ದಿದ್ದ ಅಮ್ಮನ ಮೊಣಕೈ ಮನೆಯೆಲ್ಲ ಕೇಳುವ ಹಾಗೆ ಮೊಳಗಿತು.

“ಅಂದ್ರೆ ಇಷ್ಟೊತ್ತೂ ಅದು ಹಾಡ್ತಾನೇ ಇತ್ತು, ನಮಗೆ ಕೇಳ್ತಿರ್ಲಿಲ್ಲ ಅಷ್ಟೆ?” ಅಂದ ಅಪ್ಪ. ಅವನಿಗೆ ಅದು ಬಹಳ ಹಿಡಿಸಿತು.

ಎರಡನೇ ತೊಂದರೆ, ಅದು ತನ್ನಷ್ಟಕ್ಕೆ ತಾನೇ ಆರಿಹೋಗುತ್ತಿತ್ತು. ಊಟಕ್ಕೆ ಎದ್ದು ಬಂದು ನೋಡಿದರೆ ದೀಪವಿಲ್ಲ. ಅಮ್ಮ ಇದು ದೃಷ್ಟಿ ಅಂದಳು. ಕ್ವಾರ್ಟರ್ಸಿನ ಹೆಂಗಸರೆಲ್ಲ ಬಂದು ನೋಡಿ, ಮುಟ್ಟಿ, ಲೊಚಗುಟ್ಟಿ ಹೋಗಿದ್ದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಸ್ಟ್ಯಾಂಡಿನ ಕಾಲಿಗೆ ಕರಿದಾರ ಕಟ್ಟಿದಳು. ನಾನು ಗೋಡೆ ಗಡಿಯಾರದ ಕೆಳಗೆ ನೋಟುಪುಸ್ತಕ ಹಿಡಿದು ಕೂತೆ. ಮೂರು ದಿನ ಬರೆದೆ. ಕೈ ಬಿಟ್ಟ ಸರಿಯಾಗಿ ಅರ್ಧ ಗಂಟೆಗೆ ಆರುತ್ತಿತ್ತು, ನಿವಾಳಿಸಿದ ದಿನವೂ, ನಿವಾಳಿಸದ ದಿನವೂ. ಪುಸ್ತಕದಲ್ಲೂ ಅದೇ ಇತ್ತು: ಬಳಸದಿದ್ದರೆ ತಾನೇ ಆರುತ್ತದೆ, ಬೇಡವಾದರೆ ಎಡತುದಿಯ ಕೀಲಿ ಒತ್ತಿಹಿಡಿದು ಸ್ವಿಚ್ಚು ಹಾಕಿ. ನಡುಮನೆಯಲ್ಲಿ ನಿಂತು, ಮಾನ್ಯ ಅಧ್ಯಕ್ಷರೇ ಅಂತ ಶುರುಮಾಡಿ, ದೃಷ್ಟಿ ವಾದವನ್ನು ಪುಡಿ ಮಾಡಿದೆ.

“ಯಾರೂ ಮುಟ್ಟದಿದ್ರೆ ಅರ್ಧ ಗಂಟೆಗೆ ಮಲಗ್ತೈತೆ ಕಣಮ್ಮ, ಅದ್ರ ಗುಣ ಅದು.”

“ಒಳ್ಳೆ ಗುಣನೇ. ಈ ಮನ್ಯಾಗೆ ನನಗೊಬ್ಳಿಗೆ ಆ ಗುಂಡಿ ಇಕ್ಕಿಲ್ಲ ದೇವ್ರು” ಅಂತ ಅಮ್ಮ ಪಾತ್ರೆ ಎತ್ತಿಕೊಂಡು ಹೋದಳು. ಕರಿದಾರ ಮಾತ್ರ ಬಿಚ್ಚಲಿಲ್ಲ.

ಎರಡು ಗೆಲುವಾದ ಮೇಲೆ ಮೂರನೆಯದು ನನ್ನ ಕೈಯಲ್ಲೇ ಇದೆ ಅನ್ನಿಸುವುದು ಸಹಜ. ಅಷ್ಟು ಹೊತ್ತಿಗೆ ನಾನು ಕೀಲಿಗಳಿಗೆಲ್ಲ ಬಿಳಿ ಪ್ಲಾಸ್ಟರ್ ಚೂರು ಅಂಟಿಸಿ, ಅಪ್ಪನ ಪೆನ್ಸಿಲ್ಲಿನಿಂದ ‘ಬಿ ೧, ಕ ೧, ಬಿ ೨, ಕ ೨’ ಅಂತ ಬರೆದಿದ್ದೆ. ಅಪ್ಪನಿಗೆ ಅದರ ಪಿಯಾನೊ ದನಿ ಹಿಡಿಸುತ್ತಿರಲಿಲ್ಲ, ತಟ್ಟೆ ಬಡಿದ ಹಾಗೆ ಸದ್ದಾಗಿ ಸತ್ತುಹೋಗುತ್ತದೆ ಅನ್ನುತ್ತಿದ್ದ. ಆರ್ಗನ್ ದನಿ ಹಾಕಿ, ಕೀಲಿ ಒತ್ತಿಹಿಡಿದರೆ ಪೇಟಿಯ ಹಾಗೇ ಎಳೆಯುತ್ತಿತ್ತು. ಆದರೆ ಕರೆಂಟು ಹೋಗಿ ಬಂದರೆ ಮತ್ತೆ ಪಿಯಾನೊ. ನಮ್ಮ ಕಡೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತು ಅಂತ ಹೇಳುವುದೇ ಬೇಡ. ಹಾಕಿದ್ದನ್ನು ಮರೆಯದೆ ಇಟ್ಟುಕೊಳ್ಳುವ ಏರ್ಪಾಡೂ ಪುಸ್ತಕದಲ್ಲಿತ್ತು. ಒಂದು ಗುಂಡಿ ಒತ್ತಿಹಿಡಿದು ಯಾವುದೋ ಕೀಲಿ ಒತ್ತಬೇಕು. ಒತ್ತಿದೆ. ಮೊದಲು ಬೇರೆ ಯಾವುದೋ ಕೀಲಿ ತಾಗಿತು, ಏನೂ ಆದ ಹಾಗೆ ಕಾಣಲಿಲ್ಲ. ಆಮೇಲೆ ಸರಿಯಾದದ್ದು ಒತ್ತಿದೆ. ಕರೆಂಟು ಹೋಗಿ ಬಂತು, ಆರ್ಗನ್ ದನಿ ಆರ್ಗನ್ನಾಗೇ ಉಳಿಯಿತು. ಇನ್ನು ಇದು ಏನನ್ನೂ ಮರೆಯಲ್ಲ ಅಂತ ಮನೆಯವರಿಗೆಲ್ಲ ಹೇಳಿದೆ. ಅದು ನಿಜವೇ ಆಗಿತ್ತು.

ಆ ತಿಂಗಳು ರುದ್ರಪ್ಪ ಮೇಷ್ಟ್ರ ಫೋನು ಬಂತು. ಬಹಳ ವರ್ಷದ ಮೇಲೆ ತಾಳ್ಯದಲ್ಲಿ ಹಳಬರೆಲ್ಲ ಸೇರಿ ನಾಟಕ ಎತ್ತುತ್ತಿದ್ದಾರೆ, ನಾಂದಿ ನಿನ್ನದೇ ನಾಗ ಅಂದರಂತೆ. ಅಪ್ಪ ಅವತ್ತು ಸೈಕಲ್ಲನ್ನು ಎರಡು ಸಲ ಒರೆಸಿದ. ಸಂಜೆ ಕೈಕಾಲು ತೊಳೆದು ಬಂದು ಪಿಯಾನೊ ಪಕ್ಕ ಚಾಪೆಯ ಮೇಲೆ ಕೂತು ನನಗೆ, ಮಗಳಿಗೆ, ಮೇಷ್ಟ್ರಿಗೆ ಹೇಳುವ ಗೌರವದಲ್ಲಿ ಹೇಳಿದ:

“ಕರಿ ಎರಡು ಕೊಡ್ರಿ.”

ಕೊಟ್ಟೆ. ಬಾಯಿ ತೆರೆದವನು ಹಾಗೇ ನಿಲ್ಲಿಸಿದ.

“ಇದಲ್ಲ ಕಣವ್ವ.”

“ಇದೇ ಅಪ್ಪ. ಎರಡ್ನೇ ಕರಿ ಮನೆ. ಬರ್ದೈತೆ ನೋಡು.”

“ಬರ್ದಿರಬೌದು. ಏರೈತೆ.”

ಆದರೂ ಅದರ ಜೊತೆಗೇ ಹಾಡಿದ. ಕೆಳಗೆ ಪರವಾಗಿರಲಿಲ್ಲ. ಮೇಲಿನ ಷಡ್ಜಕ್ಕೆ ಹೋದಾಗ ದನಿ ಒಡೆಯಿತು. ಮರುದಿನವೂ ಒಡೆಯಿತು. ಮೂರನೇ ದಿನ ಅಪ್ಪ, ನಿನ್ನ ಪೆಟ್ಟಿಗೇಲೇ ಏನೋ ಐತೆ ಅಂದ. ಇದು ನನಗೆ ತಡೆಯಲಿಲ್ಲ. ಕರೆಂಟಿನ ಸಾಮಾನಿಗೆ ವಯಸ್ಸಾಗುವುದಿಲ್ಲ, ಗಂಟಲಿಗೆ ಆಗುತ್ತದೆ. ಯಂತ್ರಕ್ಕೆ ಸುಳ್ಳು ಹೇಳಿ ಏನಾಗಬೇಕು? ನಾನು ಪರೀಕ್ಷೆ ಇಟ್ಟೆ. ಅಪ್ಪನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದೆ. ಯಾವ ಸದ್ದೂ ಕೊಡದೆ, ನೆನಪಿನಿಂದ ಅವನು ಷಡ್ಜ ಹಿಡಿಯಬೇಕು. ಅದು ಯಾವ ಮನೆ ಅಂತ ನಾನು ಹುಡುಕಬೇಕು. ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಹತ್ತು ಸಲ ಮಾಡಿದೆವು, ಮಧ್ಯೆ ಮಧ್ಯೆ ನೀರು ಕುಡಿಸಿ, ಮಾತಾಡಿಸಿ, ಒಮ್ಮೆ ಹೊರಗೆ ಕಳಿಸಿ ಕೂಡ. ಹತ್ತು ಸಲವೂ ಅವನ ಷಡ್ಜ ಬಂದು ಕೂತದ್ದು ‘ಬಿ ೨’ರಲ್ಲಿ. ಕರಿ ಎರಡರಿಂದ ಒಂದು ಮನೆ ಕೆಳಗೆ.

“ಅಪ್ಪ, ನಿನ್ನ ಸ್ವರ ಒಂದು ಮನೆ ಇಳಿದೈತೆ.”

“ಹತ್ತಕ್ಕೆ ಹತ್ತೂನಾ?”

“ಹತ್ತಕ್ಕೆ ಹತ್ತು.”

ಅಪ್ಪ ಗೋಡೆಯ ಕಡೆಗೇ ಮುಖ ಮಾಡಿಕೊಂಡೇ, “ಹಂಗಾರೆ ಹೋಗಿರಬೇಕು ಬಿಡು” ಅಂದ. ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ಅಮ್ಮನ ಕೋಲು ನಿಂತದ್ದು ನನಗೆ ಕೇಳಿಸಿತು. ನಾನು ಕ್ಯಾಲೆಂಡರನ್ನು ಮೊಳೆಗೆ ತೂಗುಹಾಕಿದೆ, ಗೆರೆಗಳು ಹಿಂದಕ್ಕೆ, ದೇವರ ಚಿತ್ರ ಮುಂದಕ್ಕೆ.

ಮರುದಿನ ಅಪ್ಪ ತಾಳ್ಯಕ್ಕೆ ಫೋನು ಮಾಡಿ, ನನಗೆ ಆಗಲ್ಲ ಮೇಷ್ಟ್ರೇ, ಹೊಳಲ್ಕೆರೆ ಟೈಲರಣ್ಣ ಇದ್ದಾನಲ್ಲ ಅವನ ಕೈಲಿ ಹಾಡ್ಸಿ ಅಂದ. ಕಾರಣ ಕೇಳಿದ್ದಕ್ಕೆ ಗಂಟಲು ಅಂದ. ಇಷ್ಟೇ ಆಗಿದ್ದರೆ ನಾನು ಮರೆಯುತ್ತಿದ್ದೆನೇನೋ. ಆದರೆ ಬೆಳಿಗ್ಗೆ ನೀರೊಲೆಯ ಮುಂದೆಯೂ ಅಪ್ಪ ಸುಮ್ಮನಾದ. ಸಿಪ್ಪೆ ಸುರಿಯುವ ಸದ್ದು, ಉರಿ ಬುಸುಗುಡುವ ಸದ್ದು, ಅಷ್ಟೆ. ನಾನು ಎರಡು ದಿನ ಶಾಲೆಗೆ ತಡವಾಗಿ ಎದ್ದೆ. ಅಪ್ಪನಿಗೆ ಕೋಪ ಇರಲಿಲ್ಲ, ನನ್ನ ಜೊತೆ ಮೊದಲಿನ ಹಾಗೇ ಮಾತಾಡುತ್ತಿದ್ದ; ತಾನು ಕಟ್ಟಿದ ಚೀಟಿಯನ್ನೇ ನಂಬದವನ ಹಾಗೆ, ಮಾತಿನ ಕೊನೆಗೆ ‘ಅಲ್ವಾ?’ ಅಂತ ಸೇರಿಸುತ್ತಿದ್ದ. ಅಮ್ಮ ಒಂದು ದಿನ ಪಿಯಾನೊ ಮೇಲಿನ ಧೂಳು ಹೊಡೆಯುತ್ತಾ ಅಂದಳು:

“ಲೇ ಲಾಯರಮ್ಮ, ಈ ಪೆಟ್ಟಿಗೆ ಬಂದ್ಮೇಲೆ ಮನೇಲಿ ಹಾಡು ನಿಂತೋಗೈತೆ. ಅದು ಯಾವ ಪುಟದಾಗೈತೆ ನೋಡು ನಿನ್ನ ಪುಸ್ತಕದಾಗೆ.”

ನಾಟಕಕ್ಕೆ ವಾರವಿದೆ ಅನ್ನುವಾಗ, ಒಂದು ಭಾನುವಾರ, ಮೇಷ್ಟ್ರೇ ಬಂದರು. ಬೆಡ್‌ಶೀಟಿನಲ್ಲಿ ಪೇಟಿ ಕಟ್ಟಿಕೊಂಡು, ಬಸ್ಸಿಳಿದು ನಡೆದು ಬಂದಿದ್ದರು. ಸಣ್ಣ ಆಳು, ಕಿವಿ ಮೇಲೆ ಬಿಳಿಕೂದಲು, ಬೆರಳು ಮಾತ್ರ ಆಳಿಗಿಂತ ಉದ್ದ. ಅಪ್ಪ ತಾಕಿನ ಕಡೆ ಹೋಗಿದ್ದ.

“ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ” ಅಂತ ಅಮ್ಮ ನೀರು ಕೊಟ್ಟಳು.

“ಕುಂತ್ಕಳದು ಆಮೇಲೆ. ಯಾವ ಡಾಕ್ಟ್ರು ಹೇಳಿದ್ದು ನಮ್ಮ ನಾಗನ ಗಂಟಲು ಹೋಯ್ತು ಅಂತ?”

“ಡಾಕ್ಟ್ರಲ್ಲ, ಲಾಯರು. ಅಗಾ, ಅಲ್ಲಿ ಕುಂತವ್ಳೆ ನೋಡ್ರಿ.”

ನಾನು ಕ್ಯಾಲೆಂಡರ್ ತಿರುಗಿಸಿ ಹತ್ತು ಗೆರೆ ತೋರಿಸಿದೆ. ಮೇಷ್ಟ್ರು ಗಮನವಿಟ್ಟು ನೋಡಿದರು. ಚಾಪೆ ಮೇಲೆ ಕೂತು ಗಂಟು ಬಿಚ್ಚಿ ತಮ್ಮ ಪೇಟಿಯ ಕರಿ ಎರಡನ್ನು ಒತ್ತಿದರು. ನೀನೂ ಒತ್ತವ್ವ ಅಂದರು. ನಾನು ‘ಕ ೨’ ಒತ್ತಿದೆ. ಎರಡೂ ದನಿ ಒಂದಕ್ಕೊಂದು ಉಜ್ಜಿಕೊಂಡು, ಸಿಮೆಂಟಿನ ಮೇಲೆ ತಗಡು ಎಳೆದ ಹಾಗೆ ಕಿರುಗುಟ್ಟಿದವು. ಅಮ್ಮ ಹಲ್ಲು ಕಚ್ಚಿದಳು. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು.

“ನಿಮ್ಮ ಪೇಟಿ ಹಳೇದು ಮೇಷ್ಟ್ರೇ. ಒಳಗಿನ ರೀಡು ಸವೆದು ಸ್ವರ ಇಳಿದಿರ್ತೈತೆ.”

“ಇಳಿದಿರಬೌದು. ಬಾ, ಬಿಳಿ ಒಂದರಿಂದ ನೋಡಾಣ.”

ಒಂದೊಂದೇ ಮನೆ ಒತ್ತುತ್ತಾ ಹೋದೆವು. ಒಂದೊಂದೂ ಕಿರುಗುಟ್ಟಿತು. ಅವರ ಕರಿ ಎರಡು ನನ್ನ ಬಿಳಿ ಎರಡಕ್ಕೆ ಸೇರುತ್ತಿತ್ತು, ಅವರ ಬಿಳಿ ಮೂರು ನನ್ನ ಕರಿ ಎರಡಕ್ಕೆ, ಅವರ ಬಿಳಿ ನಾಕು ನನ್ನ ಬಿಳಿ ಮೂರಕ್ಕೆ. ತುದಿ ಮುಟ್ಟಿದ ಮೇಲೆ ಮೇಷ್ಟ್ರು ನಗುತ್ತಾ ಕೇಳಿದರು:

“ಒಂದು ರೀಡು ಇಳಿತೈತೆ, ಒಪ್ಪಿದೆ. ಎರಡು ಇಳಿತಾವೆ. ಎಲ್ಲಾ ಮನೆಯೋರೂ ಮಾತಾಡ್ಕಂಡು, ಒಂದೇ ದಿನ, ಒಂದೇ ಅಳತೆಗೆ ಇಳಿತಾರೇನವ್ವ? ಸಂಘ ಕಟ್ಟಿದ್ರಾ?”

ವೇದಿಕೆ ಮೇಲೆ ಎಷ್ಟೋ ಸಲ ನಿಂತಿದ್ದೇನೆ. ಎದುರಿನವರ ಒಂದು ಮಾತಿಗೆ ಇಡೀ ವಾದ ಕೂತುಬಿಡುವ ಆ ಗಳಿಗೆ ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು, ಆದರೆ ಎದುರಿನವರ ಮುಖದಲ್ಲಿ ನೋಡಿ ಗೊತ್ತಿತ್ತು. ಹಳೆಯ ಸಾಮಾನು ಒಂದೊಂದು ಕಡೆ ಒಂದೊಂದು ಥರ ಕೆಡುತ್ತದೆ. ಎಲ್ಲವೂ ಒಟ್ಟಿಗೆ, ಕೂದಲೆಳೆ ವ್ಯತ್ಯಾಸವಿಲ್ಲದೆ ಸರಿಯಬೇಕಾದರೆ ಅದಕ್ಕೆ ಯಂತ್ರವೇ ಬೇಕು. ಅಪ್ಪನ ಹತ್ತು ಗೆರೆಗಳೂ ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಗಂಟಲು ಹೋದವನು ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ ಬೀಳುತ್ತಾನೆ. ಗೋಡೆಗೆ ಮುಖ ಮಾಡಿ, ನೀರು ಕುಡಿದು, ಹೊರಗೆ ಹೋಗಿ ಬಂದು, ಹತ್ತು ಸಲವೂ ಅದೇ ಕಲ್ಲಿನ ಮೇಲೆ ಕಾಲಿಟ್ಟವನಿಗೆ ದಾರಿ ತಪ್ಪಿದೆ ಅಂತ ಯಾರಾದರೂ ಹೇಳುತ್ತಾರೆಯೇ? ಸಾಕ್ಷಿ ಪೂರ್ತಿ ಅಪ್ಪನ ಪರ ಇತ್ತು. ನಾನು ಅದನ್ನು ವಿರೋಧಕ್ಕೆ ಓದಿದ್ದೆ.

ಪುಸ್ತಕದ ಕೊನೆಯ ಪುಟಗಳನ್ನು ನಾನು ಅಲ್ಲಿಯವರೆಗೆ ತಿರುಗಿಸಿರಲಿಲ್ಲ. ನನಗೆ ಬೇಕಾದ ವಾದಕ್ಕೆ ಬೇಕಾದಷ್ಟೇ ಓದುವುದು ನನ್ನ ಪದ್ಧತಿ. ಅಲ್ಲಿ ತೊಂದರೆಗಳ ಪಟ್ಟಿ ಇತ್ತು, ಎಡಕ್ಕೆ ರೋಗ, ಬಲಕ್ಕೆ ಮದ್ದು. ಕೀಲಿಗಳ ಸ್ವರ ಏರಿ ಅಥವಾ ಇಳಿದು ಕೇಳುತ್ತಿದ್ದರೆ ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿದೆಯೇ ನೋಡಿ ಅಂತಿತ್ತು. ಅಂದರೆ ಎಲ್ಲ ಮನೆಗಳನ್ನೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಸರಿಸುವ ಏರ್ಪಾಡು. ಗುಂಡಿ ಒತ್ತಿಹಿಡಿದು ಕೀಲಿ ಒತ್ತುವುದು. ಅವತ್ತು ಕೈತಪ್ಪಿ ತಾಗಿದ್ದ ಕೀಲಿ ಅದೇ. ಆಮೇಲೆ, ಇನ್ನು ಮರೆಯಬೇಡ ಅಂತ ಯಂತ್ರಕ್ಕೆ ಕಲಿಸಿದವಳೂ ನಾನೇ. ಎಷ್ಟು ಸಲ ಕರೆಂಟು ಹೋದರೂ ಅದು ನನ್ನ ತಪ್ಪನ್ನು ನಿಯತ್ತಾಗಿ ನೆನಪಿಟ್ಟುಕೊಂಡಿತ್ತು. ನಾನು ಒಬ್ಬಳೇ ನುಡಿಸುವಾಗ ಗೊತ್ತಾಗಲಿಲ್ಲ. ಎಲ್ಲವೂ ಒಟ್ಟಿಗೆ ಏರಿದರೆ, ಒಳಗಿದ್ದವರಿಗೆ ಏನೂ ಏರಿದ ಹಾಗೆ ಕಾಣುವುದಿಲ್ಲ.

ಸೊನ್ನೆಗೆ ತಂದೆ. ಮೇಷ್ಟ್ರು ತಮ್ಮ ಕರಿ ಎರಡು ಒತ್ತಿದರು, ನಾನು ನನ್ನದು. ಎರಡು ದನಿ ಇದ್ದದ್ದು ಒಂದಾಯಿತು. ಅಮ್ಮ ಮೇಷ್ಟ್ರ ಲೋಟಕ್ಕೆ ಟೀ ಬಗ್ಗಿಸಿದಳು.

“ನಾನೇನೂ ಹೇಳಾಕಿಲ್ಲ ಅವನಿಗೆ. ಹೇಳೋರು ಹೇಳ್ಬೇಕು” ಅಂದರು ಮೇಷ್ಟ್ರು.

ಹೇಳದೆ ಬಿಡ­ಬಹುದಿತ್ತು ಅನ್ನುವುದು ನನಗೆ ಹೊಳೆದಿರಲಿಲ್ಲ ಅಂದರೆ ಸುಳ್ಳು. ಪೆಟ್ಟಿಗೆ ರಿಪೇರಿ ಆಯಿತು ಅಂದರೆ ಮುಗಿಯುತ್ತಿತ್ತು, ಯಾರಿಂದ ಕೆಟ್ಟಿತು ಅಂತ ಅಪ್ಪ ಕೇಳುವವನಲ್ಲ. ಹಿತ್ತಿಲಿನಲ್ಲಿ ಸೈಕಲ್ಲಿನ ಸದ್ದಾಯಿತು. ಅಪ್ಪ ಒಗೆಯುವ ಕಲ್ಲಿನ ಮೇಲೆ ನಿಂತು ಕಾಲಿನ ಮಣ್ಣು ತೊಳೆಯುತ್ತಿದ್ದ. ನಾನು ಕರಿ ಎರಡನ್ನು ಒತ್ತಿಹಿಡಿದೆ. ಚೊಂಬಿನ ನೀರು ಬೀಳುವ ಸದ್ದು ನಿಂತಿತು. ಆಚೆಯಿಂದಲೇ ಅಪ್ಪನ ದನಿ:

“ಈಗ ಮನೆಗೆ ಬಂತು ನೋಡು.”

ನಾನು ಎದ್ದು ಹಿತ್ತಿಲಿಗೆ ಹೋದೆ.

“ಅಪ್ಪ, ನಿನ್ನ ಸ್ವರ ಇಳಿದಿರ್ಲಿಲ್ಲ. ಪಿಯಾನೊ ಏರಿತ್ತು. ಏರ್ಸಿದ್ದು ನಾನೇ, ಗೊತ್ತಿಲ್ದಂಗೆ.”

ಅಪ್ಪ ಚೊಂಬು ಕೆಳಗಿಟ್ಟ.

“ಚೀಟಿ ಅದಲುಬದಲಾಗಿತ್ತು ಅನ್ನು.”

“ಹೂಂ.”

“ಚೀಟಿ ತಪ್ಪಿದ್ರೆ ಬೆಳೆಗೇನೂ ಆಗಲ್ಲ ಕಣವ್ವ” ಅಂದ. ಕಾಲು ಒರೆಸಿಕೊಂಡು, ಒಳಗೆ ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸಿದ. “ಆ ಹಂಗಾಮು ಹೋಗ್ತೈತೆ, ಅಷ್ಟೆ.”

ಹಂಗಾಮು ಹೋಯಿತು. ಮೇಷ್ಟ್ರು ಎಷ್ಟು ಹೇಳಿದರೂ ಅಪ್ಪ ಒಪ್ಪಲಿಲ್ಲ. ಟೈಲರಣ್ಣ ಮೂರು ವಾರದಿಂದ ಅಂಗಡಿ ಬೇಗ ಮುಚ್ಚಿ ಕಲಿತವ್ನೆ, ಅವನ ಬಾಯಿಂದ ಹೆಂಗೆ ಕಿತ್ಕಳದು ಮೇಷ್ಟ್ರೇ ಅಂದ. ನಾಟಕದ ದಿನ ತಾಳ ಹಾಕಲು ಹೋದ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದವನನ್ನು ಅಮ್ಮ ಹೆಂಗಾಯ್ತು ಅಂತ ಕೇಳಿದಳು. “ಚೆನ್ನಾಗಿ ಹಾಡ್ದ. ಅವಂದು ಬಿಳಿ ನಾಕು” ಅಂದ. ಅಂಗಿ ಕಳಚಿ ನೀರೊಲೆಗೆ ಉರಿ ಹಾಕಿ, ಹೊಗೆಗೆ ಕಣ್ಣು ಕಿರಿದು ಮಾಡಿ, ಕರಿ ಎರಡು ಕೊಡ್ರಿ ಮೇಷ್ಟ್ರೇ ಅಂದ. ನಾನು ಹಾಸಿಗೆಯಿಂದ ಎದ್ದು ಓಡಿ ನಡುಮನೆಯಿಂದ ಕೊಟ್ಟೆ. ತಂಡ ಆಮೇಲೆ ಮತ್ತೆ ಸೇರಲಿಲ್ಲ. ಮೇಷ್ಟ್ರು ತೀರಿಕೊಂಡರು, ಟೈಲರಣ್ಣ ದಾವಣಗೆರೆಗೆ ಹೋದ. ಅಪ್ಪ ಹಾಡದೆ ಹೋದ ಆ ಒಂದು ನಾಂದಿಗೆ ಎರಡನೇ ಅವಕಾಶ ಬರಲಿಲ್ಲ. ಈಗ ನಾನೇ ಟೀಚರ್. ಚರ್ಚೆಗೆ ಮಕ್ಕಳನ್ನು ತಯಾರು ಮಾಡುವಾಗ, ಸಾಕ್ಷಿ ಎಲ್ಲಿ ಅಂತ ಕೇಳಿ ಅನ್ನುವುದನ್ನು ನಾನು ಬಿಟ್ಟಿಲ್ಲ. ಸಾಕ್ಷಿಗೆ ಚೀಟಿ ಕಟ್ಟಿದವರು ಯಾರು ಅಂತಲೂ ಕೇಳಿ ಅನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ, ಅರ್ಥವಾಗಿರುವುದಿಲ್ಲ.

ಅಪ್ಪ ನಿವೃತ್ತನಾಗಿ ಈಗ ಮನೆ ಹಿರಿಯೂರಿನಲ್ಲಿದೆ. ನಾನು ಚಿತ್ರದುರ್ಗದಿಂದ ರಜೆಗೆ ಬರುತ್ತೇನೆ. ಪಿಯಾನೊ ಇದೆ. ವರ್ಷ ವರ್ಷ ಆಯುಧಪೂಜೆಗೆ ಅಮ್ಮ ಇಟ್ಟ ಕುಂಕುಮ ಕೀಲಿಗಳ ಸಂದಿಗೆ ಇಳಿದು, ಒಂದೆರಡು ಬಿಳಿ ಮನೆಗಳ ಅಂಚು ಕೆಂಪಾಗಿದೆ. ಸ್ಟ್ಯಾಂಡಿನ ಕಾಲಿಗೆ ಕರಿದಾರವೂ ಇದೆ. ಹೋದ ಸಲ ಬಂದಾಗ ಅಪ್ಪ ಚಾಪೆಯ ಮೇಲೆ ಕೂರಲಾರದೆ ಕುರ್ಚಿ ಎಳೆದುಕೊಂಡು ಕರಿ ಎರಡು ಕೇಳಿದ. ಮೇಲಿನ ಷಡ್ಜದಲ್ಲಿ ದನಿ ಒಡೆಯಿತು. ಕೆಮ್ಮಿ ಮತ್ತೆ ಹೋದ, ಮತ್ತೆ ಒಡೆಯಿತು. ಪಿಯಾನೊ ಸೊನ್ನೆಯಲ್ಲೇ ಇತ್ತು, ನಾನು ನೋಡಿದ್ದೆ. ಈ ಸಲ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಮರುದಿನ ಅಪ್ಪ ಹಾಲು ತರಲು ಹೋದಾಗ ನಾನು ಗುಂಡಿ ಒತ್ತಿಹಿಡಿದು, ಈ ಬಾರಿ ಗೊತ್ತಿದ್ದೇ, ಎಲ್ಲ ಮನೆಗಳನ್ನೂ ಒಂದು ಮನೆ ಕೆಳಗಿಳಿಸಿದೆ. ಸಂಜೆ ಅಪ್ಪ ಬಂದು ಕೂತ. ಕೇಳಿದ. ನಾನು ಕರಿ ಎರಡು ಒತ್ತಿದೆ.

ಅಪ್ಪ ಬಾಯಿ ತೆರೆದವನು ಹಾಗೇ ನಿಲ್ಲಿಸಿದ.

“ಬಿಳಿ ಎರಡು ಇದು.”

“ಕರಿ ಎರಡೇ ಅಪ್ಪ. ಬೆರಳು ಎಲ್ಲೈತೆ ನೋಡು ಬೇಕಾದ್ರೆ.”

ಅಪ್ಪ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದ. ಬೆರಳು ಕರಿ ಎರಡರ ಮೇಲೇ ಇತ್ತು. ನನ್ನ ಮುಖ ನೋಡಿದ.

“ಚೀಟಿ ಬದಲಾಯ್ಸಿದೀಯ.”

ನಾನು ಬೆರಳು ಎತ್ತಲು ಹೋದೆ.

“ಎತ್ತಬ್ಯಾಡ” ಅಂದ ಅಪ್ಪ. “ಹಿಡ್ಕಂಡಿರು.” ಕಣ್ಣು ಮುಚ್ಚಿದ.